ದುಬೈ ಹತ್ತಿರ, ಸರಸಂಬಾ ದೂರ

ಮಂಗಳೂರಿನಿಂದ ದುಬೈಗೆ ಆಕಾಶದಲ್ಲಿ ಸುಮಾರು 2,450 ಕಿ.ಮೀ., ಮೂರೂವರೆ ಗಂಟೆಯ ಹಾದಿ. ಅಲ್ಲಿನ ಗಡಿಯಾರ ಒಂದೂವರೆ ಗಂಟೆ ಹಿಂದೆ. ಬೆಳಗ್ಗೆ 8ಕ್ಕೆ ಹೊರಟ ನಮ್ಮ ಹುಡುಗ ಅಲ್ಲಿನ 10ಕ್ಕೆ ಇಳಿದಿರುತ್ತಾನೆ. ಕಲಬುರಗಿಗೆ ಆಕಾಶದಲ್ಲಿ ಬರೀ 530 ಕಿ.ಮೀ. ಆದರೆ ನೇರ ವಿಮಾನ ಇಲ್ಲ. ಬಸ್ಸಿನಲ್ಲಿ ಒಂದಿಡೀ ರಾತ್ರಿ, ಅದರ ಮೇಲೆ ಆಳಂದ ತಾಲೂಕಿನ ಸರಸಂಬಾದಂಥ ಊರಿಗೆ ಮತ್ತೊಂದು ಬಸ್ಸು.

ಇದು ಬಂದೇ ನವಾಝ್ ದರ್ಗಾಕ್ಕೆ ಝಿಯಾರತ್ ಹೋಗುವವರ ಕಷ್ಟ ಮಾತ್ರ ಅಲ್ಲ. ನಮ್ಮ ಮಕ್ಕಳು ಓದಿ ಸರಕಾರಿ ಕೆಲಸ ಹಿಡಿಯುತ್ತಿದ್ದಾರೆ, ಪೋಸ್ಟಿಂಗ್ ಆ ಕಡೆಗೂ ಬೀಳುತ್ತದೆ. ಊರಲ್ಲಿ ಉಮ್ಮ ತೀರಿಕೊಂಡರೆ ಮಯ್ಯಿತನ್ನು ಹೆಚ್ಚು ಹೊತ್ತು ಇಡುವ ಕ್ರಮ ನಮ್ಮಲ್ಲಿಲ್ಲ. ಬೆಳಗ್ಗೆ ಸುದ್ದಿ ಮುಟ್ಟಿ, ಟಿಕೆಟೂ ಸಿಕ್ಕಿದರೆ ದುಬೈಯ ಮಗ ಸಂಜೆಯೊಳಗೆ ಮನೆ ಸೇರಬಹುದು. ಸರಸಂಬಾದಲ್ಲಿ ಟೀಚರ್ ಆಗಿರುವ ಮಗಳಿಗೆ ಅದು ಆಗುವ ಮಾತಲ್ಲ.

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲೇ ತೆರೆಯಿತು. ಗಲ್ಫ್ ವಿಮಾನಕ್ಕೆ ಮನವಿ ಕೊಡುವ ನಮ್ಮ ಸಂಘಟನೆಗಳು ವಾರಕ್ಕೆ ಎರಡು ಸಣ್ಣ ವಿಮಾನ ಕಲಬುರಗಿಗೂ ಬಿಡಿ ಅಂತ ಸಂಸದರನ್ನು ಕೇಳಬೇಕು. ಸೀಟು ತುಂಬಲ್ಲ ಅನ್ನುತ್ತಾರೆ, ಗೊತ್ತು. ಅಂಥ ದಾರಿಗಳ ನಷ್ಟಕ್ಕೆ ನೆರವು ಕೊಡಲೆಂದೇ ಉಡಾನ್ ಯೋಜನೆ ಇರುವುದು.