ತಂತ್ರಾಂಶ ಗೆದ್ದರೂ ಯಂತ್ರ ಸೋಲುವುದೇಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ... ಬೆಳಗಾವಿ ಜಿಲ್ಲೆಯ ಈ ಪೇಟೆಗಳಲ್ಲಿ ಯಾರ ಕೈಯಲ್ಲಿನ ಮೊಬೈಲ್ ನೋಡಿದರೂ ಒಳಗಿರುವುದು ಬಹುತೇಕ ಗೂಗಲ್‌ನ ಆಂಡ್ರಾಯ್ಡ್ ತಂತ್ರಾಂಶವೇ. ಆದರೆ 2016ರಿಂದ ಗೂಗಲ್ ತನ್ನದೇ ಹೆಸರಿನಲ್ಲಿ ಮಾರುತ್ತಿರುವ ಪಿಕ್ಸೆಲ್ ಫೋನ್ ಮಾತ್ರ ಇಲ್ಲಿ ಅಪರೂಪ. ತಂತ್ರಾಂಶ ಮನೆಮನೆ ತಲುಪಿದೆ, ಯಂತ್ರ ತಲುಪಿಲ್ಲ.

ಮೈಕ್ರೋಸಾಫ್ಟ್‌ನದು ಇನ್ನೂ ದುಬಾರಿ ಪಾಠ. 2012ರಲ್ಲಿ ಅದು ಹೊರತಂದ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ನಲ್ಲಿ ವಿಂಡೋಸ್‌ನ ಹಳೆಯ ತಂತ್ರಾಂಶಗಳೇ ಕೆಲಸ ಮಾಡುತ್ತಿರಲಿಲ್ಲ. ಮರುವರ್ಷ ಕಂಪನಿ 90 ಕೋಟಿ ಡಾಲರ್ ನಷ್ಟ ತೋರಿಸಬೇಕಾಯಿತು. 2014ರಲ್ಲಿ ನೋಕಿಯಾದ ಮೊಬೈಲ್ ವಿಭಾಗವನ್ನು ಕೊಂಡು, 2015ರಲ್ಲಿ ಸುಮಾರು 760 ಕೋಟಿ ಡಾಲರ್ ಮೊತ್ತವನ್ನು ಲೆಕ್ಕದಿಂದ ತೆಗೆದುಹಾಕಿತು. ಆ್ಯಪ್‌ಗಳಿಲ್ಲವೆಂದು ಗ್ರಾಹಕರು ಬರಲಿಲ್ಲ. ಗ್ರಾಹಕರಿಲ್ಲವೆಂದು ಆ್ಯಪ್ ತಯಾರಕರೂ ಬರಲಿಲ್ಲ. ಮೇಲಾಗಿ, ಕಂಪನಿಯ ತಂತ್ರಾಂಶ ಕೊಳ್ಳುವ ತಯಾರಕರಿಗೇ ಕಂಪನಿ ಪೈಪೋಟಿಗಿಳಿದಂತಾಯಿತು. ಏಸರ್ ಮುಖ್ಯಸ್ಥರು 2012ರಲ್ಲೇ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರು.

ಕರ್ನಾಟಕಕ್ಕೂ ಈ ಅನುಭವ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್‌ನ ಎಂಜಿನಿಯರುಗಳು ಸೇರಿ ರೂಪಿಸಿದ 'ಸಿಂಪ್ಯೂಟರ್', ಹಳ್ಳಿಗರಿಗೆಂದೇ ಹುಟ್ಟಿದ ಕೈಗಣಕ. ಪರದೆ ಮುಟ್ಟಿ ಬಳಸಬಹುದಿತ್ತು. ಭಾರತೀಯ ಭಾಷೆಗಳ ಪಠ್ಯವನ್ನು ಓದಿ ಹೇಳುವ, ಸ್ಮಾರ್ಟ್ ಕಾರ್ಡ್ ಮೂಲಕ ಹಲವರು ಒಂದನ್ನೇ ಹಂಚಿಕೊಳ್ಳುವ ಆಶಯವಿತ್ತು. 2004ರಲ್ಲಿ ಬಿಇಎಲ್ ಅದನ್ನು 'ಅಮಿಡಾ' ಹೆಸರಿನಲ್ಲಿ ತಯಾರಿಸಿದಾಗ ಆರಂಭಿಕ ಬೆಲೆ ಸುಮಾರು 10 ಸಾವಿರ ರೂಪಾಯಿ. ಕೂಲಿ ಮಾಡುವವನಿಗೆ ಅದು ಎಟುಕದ ಮೊತ್ತ. ಅದೇ ವೇಳೆಗೆ ಅಗ್ಗದ ಮೊಬೈಲ್ ಹಳ್ಳಿ ಸೇರತೊಡಗಿತ್ತು. ಸಿಂಪ್ಯೂಟರ್ ನಿರೀಕ್ಷಿತ ಮಾರುಕಟ್ಟೆ ಕಾಣಲೇ ಇಲ್ಲ.

ಮೂರೂ ಪ್ರಕರಣಗಳು ಹೇಳುವುದೊಂದೇ: ತಂತ್ರಾಂಶವನ್ನು ಒಮ್ಮೆ ಬರೆದರೆ ಕೋಟಿ ಪ್ರತಿ ಮಾಡಲು ಹೆಚ್ಚು ಖರ್ಚಿಲ್ಲ. ಯಂತ್ರ ಹಾಗಲ್ಲ. ಪ್ರತಿಯೊಂದಕ್ಕೂ ಬಿಡಿಭಾಗ, ಸಾಗಣೆ, ಅಂಗಡಿಯವನ ಲಾಭ, ರಿಪೇರಿ ವ್ಯವಸ್ಥೆ ಬೇಕು. ಮಾರಾಟವಾಗದೆ ಉಳಿದ ದಾಸ್ತಾನು ನೇರ ನಷ್ಟ.

ಗ್ರಾಮೀಣ ವಿದ್ಯಾರ್ಥಿಗೆ, ರೈತನಿಗೆ ಅಗ್ಗದ ಟ್ಯಾಬ್ಲೆಟ್ ಕೊಡುವ ಯೋಜನೆ ರೂಪಿಸುವವರು ಇದನ್ನು ನೆನಪಿಡಬೇಕು. ಬೈಲಹೊಂಗಲದ ಹತ್ತಿ ಬೆಳೆಗಾರನಾಗಲಿ, ರಾಮದುರ್ಗದ ನೇಕಾರನಾಗಲಿ ತಂತ್ರಾಂಶ ಯಾರದೆಂದು ಕೇಳುವುದಿಲ್ಲ. ಬೆಲೆ ಎಷ್ಟು, ಕನ್ನಡ ಬರುತ್ತದೆಯೇ, ಕೆಟ್ಟರೆ ನಮ್ಮೂರಲ್ಲೇ ರಿಪೇರಿ ಆಗುತ್ತದೆಯೇ ಎಂದು ಕೇಳುತ್ತಾನೆ. ಉತ್ತರವಿಲ್ಲದ ಯಂತ್ರ ಕಪಾಟು ಸೇರುತ್ತದೆ.