ಚೀಲ ಹೊತ್ತವನೇ ನಷ್ಟವನ್ನೂ ಹೊರಬೇಕೆ?

ಮಳವಳ್ಳಿಗೆ ರೈಲಿಲ್ಲ. ಅಲ್ಲಿನ ಅಂಗಡಿಯ ಗುಮಾಸ್ತ ಜಿ.ಎಸ್.ಟಿ. ಲೆಕ್ಕವನ್ನು ಪೆನ್ ಡ್ರೈವಿನಲ್ಲಿಟ್ಟುಕೊಂಡು, ಬಸ್ಸಿನ ನೂಕುನುಗ್ಗಲಿನಲ್ಲಿ ಮಂಡ್ಯದ ಆಡಿಟರ ಬಳಿಗೆ ಬರುತ್ತಾನೆ. ಗಿರಣಿಯ ಗುಮಾಸ್ತ ಕೂಲಿಕಾರರ ಹಾಜರಿ, ಬ್ಯಾಂಕ್ ಖಾತೆಯ ಸಂಖ್ಯೆಗಳೆಲ್ಲ ತುಂಬಿದ ಲ್ಯಾಪ್‌ಟಾಪ್ ಹೊತ್ತು ಮದ್ದೂರಿನಲ್ಲಿ ಬೆಂಗಳೂರಿನ ರೈಲು ಹತ್ತುತ್ತಾನೆ. ಚೀಲ ಕಳೆಯಿತೋ, "ಸಂಬಳದಲ್ಲಿ ಹಿಡಿಯುತ್ತೇವೆ" ಎಂಬ ಮಾತು ಸಿದ್ಧ!

ಇದನ್ನು ನಾವು ಒಪ್ಪೆವು. ಕಿರ್ದಿ ಖಾತೆಗಳು ತಿಜೋರಿಯಲ್ಲಿದ್ದ ಕಾಲದಲ್ಲಿ ಬೀಗದ ಕೈ ಧಣಿಯ ಸೊಂಟದಲ್ಲಿತ್ತು. ಖಾತೆ ಇಂದು ನೌಕರನ ಹೆಗಲಿಗೆ ಬಂದರೆ ಹೊಣೆಯೂ ಬಂದೀತೆ? ಜಿ.ಎಸ್.ಟಿ. ಕಾನೂನಿನಂತೆ, ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕ ಕಾಯ್ದಿಡಬೇಕಾದವನು ವ್ಯಾಪಾರಿ, ಗುಮಾಸ್ತನಲ್ಲ.

ಹೊರಡುವ ಮುನ್ನ ಒಂದು ನಕಲು ಕಚೇರಿಯಲ್ಲೇ ಉಳಿಯಲಿ. ಒಂದೇ ಚೀಲದಲ್ಲಿಟ್ಟ ಎರಡು ಪ್ರತಿ ಒಂದೇ ಪ್ರತಿಗೆ ಸಮ. ಬೇಕಾದಷ್ಟೇ ಕಡತ ಹೋಗಲಿ. ಅದಕ್ಕೆ ಪಾಸ್‌ವರ್ಡಿನ ಬೀಗ ಬೀಳಲಿ. ಸಣ್ಣ ವ್ಯಾಪಾರಿಗೂ ಇದು ಇನ್ನೊಂದು ಪೆನ್ ಡ್ರೈವಿನ ಖರ್ಚಷ್ಟೆ.

ನಿರ್ಲಕ್ಷ್ಯ ನೌಕರನದಲ್ಲದಿದ್ದರೆ, ಅವನ ಸಮಜಾಯಿಷಿ ಕೇಳದೆ ಹೋದರೆ, ಸಂಬಳ ಮುರಿಯಲು ಕಾನೂನೂ ಬಿಡದು. ಬಂಧುಗಳೇ, ಚೀಲ ಕೈಗೆತ್ತಿಕೊಳ್ಳುವ ಮುನ್ನ "ನಕಲು ಎಲ್ಲಿದೆ?" ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.