ದುಡಿಮೆಗಾಗಿ ಊರು ತೊರೆಯುವುದು ತಪ್ಪಲಿ

2027ರ ಜನಗಣತಿಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿರುವ ಈ ಹೊತ್ತಿನಲ್ಲಿ ಮಂಡ್ಯ ಜಿಲ್ಲೆ ಹಿಂದಿನ ಲೆಕ್ಕವನ್ನು ಮರೆಯಬಾರದು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು, ಮಂಡ್ಯದ್ದು 17.6 ಲಕ್ಷದಿಂದ ಸುಮಾರು 18 ಲಕ್ಷಕ್ಕಷ್ಟೇ ಬಂತು. ಜನನ ಪ್ರಮಾಣ ಇಳಿದದ್ದರ ಜೊತೆಗೆ ದುಡಿಯುವ ವಯಸ್ಸಿನವರು ಊರು ಬಿಟ್ಟದ್ದೂ ಇದಕ್ಕೆ ಕಾರಣ.

ಶ್ರೀರಂಗಪಟ್ಟಣ, ಪಾಂಡವಪುರದವರು ರೈಲು ಹಿಡಿದು ಮೈಸೂರಿನ ಕೆಲಸಕ್ಕೆ ದಿನವೂ ಹೋಗಿಬರಬಹುದು. ಕೆ.ಆರ್. ಪೇಟೆ, ನಾಗಮಂಗಲ ಪಟ್ಟಣಗಳಿಗೆ ಬಸ್ಸೇ ಗತಿ. ಅದು ಹೊತ್ತಿಗೆ ಸಿಗದಿದ್ದರೆ ನಗರದಲ್ಲಿ ಬಾಡಿಗೆ ಮನೆ ಹಿಡಿಯಬೇಕು. ಊರಿನ ಮನೆಗೆ ಬೀಗ ಬೀಳುತ್ತದೆ. ಈ ಎರಡು ಪಟ್ಟಣಗಳಿಂದ ಪಾಂಡವಪುರ ಮತ್ತು ಬಿ.ಜಿ. ನಗರ ರೈಲು ನಿಲ್ದಾಣಗಳಿಗೆ, ರೈಲಿನ ವೇಳೆಗೆ ಹೊಂದುವಂತೆ ಬೆಳಿಗ್ಗೆ ಸಂಜೆ ಬಸ್ಸು ಓಡಿಸುವುದು ಸಾರಿಗೆ ನಿಗಮದ ಹೊಣೆ. ಹೊಸ ಗಣತಿಯ ಅಂಕಿಅಂಶಕ್ಕೆ ಕಾಯದೆ ಸರ್ಕಾರ ಇದನ್ನು ಜಾರಿಗೆ ತರಬೇಕು.